ಶ್ರೀನಿವಾಸ ನಾಮ: ಹೆಸರು ಒಂದು, ಬದುಕು ಹಲವು



ಕಳೆದ ತಿಂಗಳು ಏಕಾದಶಿಯ ರಾತ್ರಿ ಭಜನೆ ಮುಗಿದು ಎಲ್ಲರೂ ಏಳುತ್ತಿದ್ದಾಗ ನಮ್ಮ ಬಡಾವಣೆಯ ತರುಣರೊಬ್ಬರು ನನ್ನ ಬಳಿಗೆ ಬಂದು ಕುಳಿತರು. ಅವರ ಮನೆಯಲ್ಲಿ ಗಂಡುಮಗು ಜನಿಸಿತ್ತು. ಪುರುಡು ಕಳೆದು ನಾಮಕರಣಕ್ಕೆ ಮುಹೂರ್ತವೂ ನಿಶ್ಚಯವಾಗಿತ್ತು. "ಕಾಕಾ, ಅಮ್ಮ ನಮ್ಮ ತಂದೆಯವರ ಹೆಸರನ್ನೇ ಇಡಬೇಕೆನ್ನುತ್ತಾರೆ. ಶ್ರೀನಿವಾಸ ಎಂಬ ಹೆಸರಿನವರು ನಮ್ಮ ಆಫೀಸಿನಲ್ಲಿಯೇ ನಾಲ್ವರಿದ್ದಾರೆ. ನೀವು ಸಂಸ್ಕೃತ ಬಲ್ಲವರು. ಯಾರಿಗೂ ಇಲ್ಲದಂತಹ ಹೊಸ ಹೆಸರೊಂದನ್ನು ಹುಡುಕಿಕೊಡಿ" ಎಂದು ಕೇಳಿದರು.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಹಾನಗರದಲ್ಲಿ ಲಕ್ಷಾಂತರ ಜನರ ನಡುವೆ ತಮ್ಮ ಮಗು ಬೇರೆಯಾಗಿ ಕಾಣಲಿ ಎಂದು ಯಾವ ತಂದೆ ಬಯಸುವುದಿಲ್ಲ? ಆದರೆ ಅವರ ತಾಯಿಯವರನ್ನೂ ನಾನು ಬಲ್ಲೆ. ಪತಿ ತೀರಿಕೊಂಡು ಮೂರು ವರ್ಷವಾಯಿತು. ಪತಿಯ ಹೆಸರನ್ನು ಬಾಯಿಬಿಟ್ಟು ಹೇಳದ ಹಿಂದಿನ ಕಾಲದ ಗೃಹಿಣಿ ಅವರು. ತಾವು ಎಂದೂ ಉಚ್ಚರಿಸದ ಹೆಸರೊಂದು ಮನೆಯಲ್ಲಿ ಮತ್ತೆ ಕೇಳಿಬರಲಿ ಎಂದು ಆ ತಾಯಿ ಬಯಸುತ್ತಿದ್ದಾರೆ. ಒಂದು ಕಡೆ ಮಗನ ಅಪೇಕ್ಷೆ, ಇನ್ನೊಂದು ಕಡೆ ತಾಯಿಯ ಅಪೇಕ್ಷೆ. "ಎಂಟು ದಿನ ಅವಕಾಶ ಕೊಡಿ" ಎಂದು ಹೇಳಿ ಕಳುಹಿಸಿದೆ. ಆ ಎಂಟು ದಿನಗಳಲ್ಲಿ ನಾನು ಕಲೆಹಾಕಿದ ವಿಷಯವನ್ನೇ ಇಲ್ಲಿ ಎಲ್ಲ ಓದುಗರ ಮುಂದಿಡುತ್ತಿದ್ದೇನೆ. ಇಂತಹ ಪ್ರಶ್ನೆ ಅನೇಕರ ಮನೆಗಳಲ್ಲಿ ಎದ್ದಿರಬಹುದು.

ನಾಮದ ಅರ್ಥ

ಶ್ರೀನಿವಾಸ ಶಬ್ದವನ್ನು ಬಿಡಿಸಿದರೆ 'ಶ್ರೀ' ಮತ್ತು 'ನಿವಾಸ' ಎಂಬ ಎರಡು ಪದಗಳು ದೊರೆಯುತ್ತವೆ. ಶ್ರೀಗೆ, ಅಂದರೆ ಮಹಾಲಕ್ಷ್ಮಿಗೆ, ನೆಲೆಯಾದವನು ಶ್ರೀನಿವಾಸ. ಇದು ಷಷ್ಠೀ ತತ್ಪುರುಷ ಸಮಾಸ. ಲೋಕವ್ಯವಹಾರದಲ್ಲಿ ಶ್ರೀ ಶಬ್ದಕ್ಕೆ ಸಂಪತ್ತು, ಕಾಂತಿ, ಶೋಭೆ ಎಂಬ ಅರ್ಥಗಳೂ ಇವೆ.

ಮಹಾಭಾರತದ ಅನುಶಾಸನ ಪರ್ವದಲ್ಲಿ ಭೀಷ್ಮಾಚಾರ್ಯರು ಧರ್ಮರಾಜನಿಗೆ ಉಪದೇಶಿಸಿದ ವಿಷ್ಣುಸಹಸ್ರನಾಮದಲ್ಲಿ ಈ ನಾಮ ಎರಡು ಬಾರಿ ಬರುತ್ತದೆ. ನಿತ್ಯ ಪಾರಾಯಣ ಮಾಡುವವರಿಗೂ ಇದು ಎಷ್ಟೋ ಸಲ ಗಮನಕ್ಕೆ ಬಂದಿರುವುದಿಲ್ಲ. ಸಾವಿರ ನಾಮಗಳ ಸ್ತೋತ್ರದಲ್ಲಿ ಒಂದೇ ನಾಮ ಎರಡು ಸಲ ಬಂದರೆ ಪುನರುಕ್ತಿ ದೋಷವಾಗದೇ ಎಂಬ ಶಂಕೆ ಸಹಜ. ಅರ್ಥ ಭಿನ್ನವಾದುದರಿಂದ ದೋಷವಿಲ್ಲ ಎಂಬುದು ವ್ಯಾಖ್ಯಾನಕಾರರ ಸಮಾಧಾನ. ಶಂಕರಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ ಭಾಷ್ಯವನ್ನು ನೋಡಿದರೆ, ಮೊದಲನೆಯ ಸಲ 'ಯಾರ ವಕ್ಷಸ್ಥಲದಲ್ಲಿ ಶ್ರೀದೇವಿಯು ಎಂದಿಗೂ ಅಗಲದೆ ವಾಸಿಸುವಳೋ ಅವನು' ಎಂದೂ, ಎರಡನೆಯ ಸಲ 'ಶ್ರೀಮಂತರಲ್ಲಿ ನಿತ್ಯವೂ ತಾನು ವಾಸಿಸುವವನು' ಎಂದೂ ಅರ್ಥ ಹೇಳಿದೆ. ಮೊದಲನೆಯದರಲ್ಲಿ ಅವನು ನೆಲೆ, ಎರಡನೆಯದರಲ್ಲಿ ಅವನೇ ನೆಲೆಸುವವನು. ನಮ್ಮ ಸಂಪ್ರದಾಯದಲ್ಲಂತೂ ಸಹಸ್ರನಾಮದ ಒಂದೊಂದು ನಾಮಕ್ಕೂ ನೂರು ಅರ್ಥಗಳುಂಟೆಂದು ಹೇಳುತ್ತಾರೆ.

ಈ ವಿಚಾರವೇ ನಮ್ಮ ತರುಣರ ಪ್ರಶ್ನೆಗೆ ಉತ್ತರದ ಬಾಗಿಲು. ಭಗವಂತನ ವಿಷಯದಲ್ಲಿ ಒಂದೇ ನಾಮ ಎರಡು ಸಲ ಬಂದರೂ ಅದು ಪುನರುಕ್ತಿಯಲ್ಲ. ಹಾಗಾದರೆ ಒಂದೇ ಹೆಸರು ಹತ್ತು ಜನರಿಗಿದ್ದರೆ ಅದು ಪುನರುಕ್ತಿಯೇ? ಆ ಹೆಸರನ್ನು ಹೊತ್ತ ಕೆಲವರ ಜೀವನವನ್ನು ನೋಡೋಣ. ಒಬ್ಬೊಬ್ಬರಲ್ಲಿಯೂ ನೆಲೆಸಿದ್ದ 'ಶ್ರೀ' ಯಾವುದು, ಅದನ್ನು ಅವರು ಏನು ಮಾಡಿದರು ಎಂಬುದನ್ನು ಗಮನಿಸುತ್ತ ಹೋಗೋಣ.

ಹೆಸರನ್ನು ದಾಟಿ ಹೋದ ಇಬ್ಬರು

ಮೊದಲನೆಯವರು ಶ್ರೀನಿವಾಸ ನಾಯಕರು. ತಂದೆ ವರದಪ್ಪ ನಾಯಕರು. ಅವರ ಊರು ಪುಣೆಯ ಸಮೀಪದ ಪುರಂದರಗಡವೆಂದು ಹಿಂದಿನಿಂದ ಹೇಳುತ್ತ ಬಂದಿದ್ದಾರೆ. ತೀರ್ಥಹಳ್ಳಿಯ ಸೀಮೆಯವರೆಂದು ಹೇಳುವ ವಿದ್ವಾಂಸರೂ ಇದ್ದಾರೆ. ಅವರಲ್ಲಿದ್ದ ಶ್ರೀ ಎಂದರೆ ಧನ. ನವಕೋಟಿ ನಾರಾಯಣ ಎಂಬ ಬಿರುದು, ಕೈ ಮಾತ್ರ ಬಲು ಬಿಗಿ. ಮೂಗುತಿಯ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತಿರುವುದರಿಂದ ವಿಸ್ತರಿಸುವುದಿಲ್ಲ. ಗಮನಿಸಬೇಕಾದ ಅಂಶ ಇಷ್ಟೇ: ಲಕ್ಷ್ಮಿಗೆ ಮನೆಯಾಗಿದ್ದೇನೆಂದು ತಿಳಿದಿದ್ದ ನಾಯಕರು ವಾಸ್ತವವಾಗಿ ಅವಳಿಗೆ ಕಾವಲುಗಾರರಾಗಿದ್ದರು. ಸಂಪತ್ತನ್ನೆಲ್ಲ ದಾನವಿತ್ತು ಶ್ರೀವ್ಯಾಸರಾಜರಿಂದ ದೀಕ್ಷೆ ಪಡೆದು 'ಪುರಂದರವಿಠಲ' ಅಂಕಿತದಿಂದ ಪುರಂದರದಾಸರಾದರು. ಸರಳೆ ವರಸೆ, ಜಂಟಿ ವರಸೆ, ಪಿಳ್ಳಾರಿ ಗೀತೆಗಳೆಂಬ ಸಂಗೀತದ ಮೊದಲ ಪಾಠಗಳ ಕ್ರಮ ಅವರಿಂದ ಬಂದುದೆಂದು ಪ್ರಸಿದ್ಧಿ. ಇಂದು ಚೆನ್ನೈಯಲ್ಲಿಯೋ ದೆಹಲಿಯಲ್ಲಿಯೋ ಒಂದು ಮಗು ಮಾಯಾಮಾಳವಗೌಳದಲ್ಲಿ ಮೊದಲ ಸ್ವರ ಹೇಳುವಾಗ ಅದರ ಕೈಗೆ ಬರುವುದು ಆ ಹಳೆಯ ಶ್ರೀನಿವಾಸರ ಆಸ್ತಿಯೇ. ನವಕೋಟಿ ಎಲ್ಲಿ ಹೋಯಿತೋ ಬಲ್ಲವರಿಲ್ಲ. ದಾನ ಮಾಡಿದ ನಂತರ ಸಂಪಾದಿಸಿದ್ದು ಮಾತ್ರ ಉಳಿದಿದೆ. 1564ರ ಪುಷ್ಯ ಬಹುಳ ಅಮಾವಾಸ್ಯೆಯಂದು ಅವರು ಹರಿಪಾದ ಸೇರಿದರು.

ಎರಡನೆಯವರು ಶ್ರೀನಿವಾಸಾಚಾರ್ಯರು. ರಾಯಚೂರು ಜಿಲ್ಲೆ ಮಾನ್ವಿ ತಾಲೂಕಿನ ಬ್ಯಾಗವಟ್ಟದವರು. ಕಾಲ 1728ರಿಂದ 1809. ಇವರಲ್ಲಿದ್ದ ಶ್ರೀ ಧನವಲ್ಲ, ವಿದ್ಯೆ. ಆದರೆ ವಿದ್ಯೆಗೂ ಜಿಪುಣತನವುಂಟು. ಸಂಸ್ಕೃತ ಬಲ್ಲ ಪಂಡಿತನಿಗೆ ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಕಷ್ಟವಾಯಿತು. ಮಾನ್ವಿಗೆ ಬಂದಿದ್ದ ವಿಜಯದಾಸರು ಕರೆದಾಗ ಹೊಟ್ಟೆನೋವಿನ ನೆಪ ಹೇಳಿದರು. ನೆಪವಾಗಿದ್ದುದು ನಿಜವಾದ ವ್ಯಾಧಿಯಾಯಿತು. ಕೊನೆಗೆ ವಿಜಯದಾಸರನ್ನೇ ಶರಣುಹೊಕ್ಕು, ಅವರ ಅಪ್ಪಣೆಯಂತೆ ಗೋಪಾಲದಾಸರಲ್ಲಿಗೆ ಹೋದಾಗ ಆ ಮಹಾನುಭಾವರು ತಮ್ಮ ಆಯುಸ್ಸಿನ 40 ವರ್ಷಗಳನ್ನು ಧಾರೆಯೆರೆದರೆಂದು ಸಂಪ್ರದಾಯ ಹೇಳುತ್ತದೆ. ಪಂಢರಪುರದ ಚಂದ್ರಭಾಗೆಯಲ್ಲಿ 'ಜಗನ್ನಾಥವಿಠಲ' ಅಂಕಿತ ದೊರೆಯಿತು. ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು. ಯಾವ ಭಾಷೆಯನ್ನು ಕಡೆಗಣಿಸಿದ್ದರೋ ಅದೇ ಕನ್ನಡದಲ್ಲಿ, ಭಾಮಿನೀ ಷಟ್ಪದಿಯಲ್ಲಿ, 32 ಸಂಧಿಗಳ ಹರಿಕಥಾಮೃತಸಾರವನ್ನು ರಚಿಸಿದರು. ಬೇರೊಬ್ಬರು ಕೊಟ್ಟ ಆಯುಸ್ಸಿನಲ್ಲಿ ಬರೆದ ಗ್ರಂಥವೆಂದು ನೆನೆದು ಅದನ್ನು ಓದಿದರೆ ಓದುವ ರೀತಿಯೇ ಬೇರೆಯಾಗುತ್ತದೆ.

ಒಂದೇ ಹೆಸರಿನ ಗ್ರಂಥಕಾರರು

ಶಾಸ್ತ್ರಗ್ರಂಥಗಳನ್ನು ಓದುವವರು ಇಲ್ಲಿ ಒಂದು ಎಚ್ಚರಿಕೆ ವಹಿಸಬೇಕು. ಶ್ರೀವ್ಯಾಸರಾಜರ ಅನಂತರ ಅವರ ಪೀಠವನ್ನೇರಿದವರು ಶ್ರೀನಿವಾಸತೀರ್ಥರು. 17ನೆಯ ಶತಮಾನದಲ್ಲಿ ಇನ್ನೊಬ್ಬ ಶ್ರೀನಿವಾಸತೀರ್ಥರಿದ್ದರು. ಇವರು ಯತಿಗಳಲ್ಲ, ಬಿದರಹಳ್ಳಿಯ ಗೃಹಸ್ಥರು, ಯಾದವಾರ್ಯರ ಶಿಷ್ಯರು, ಅನೇಕ ಗ್ರಂಥಗಳಿಗೆ ವ್ಯಾಖ್ಯಾನ ಬರೆದವರು. ಇವರ ಪಾಂಡಿತ್ಯವನ್ನು ಮೆಚ್ಚಿ ಶ್ರೀರಾಘವೇಂದ್ರತೀರ್ಥರು 'ತೀರ್ಥ' ಎಂಬ ಗೌರವವನ್ನಿತ್ತರೆಂದು ಪ್ರತೀತಿ. ವಿಶಿಷ್ಟಾದ್ವೈತದಲ್ಲಿ 'ಯತೀಂದ್ರಮತದೀಪಿಕಾ' ಬರೆದವರು ಶ್ರೀನಿವಾಸದಾಸರು. ನಿಂಬಾರ್ಕರ ಶಿಷ್ಯರಾಗಿ 'ವೇದಾಂತಕೌಸ್ತುಭ' ಬರೆದವರು ಶ್ರೀನಿವಾಸಾಚಾರ್ಯರು. ಹೆಸರು ಒಂದೇ, ಸಿದ್ಧಾಂತಗಳು ಬೇರೆ. ಗ್ರಂಥಾಲಯದ ಪಟ್ಟಿಯಲ್ಲಿ 'ಶ್ರೀನಿವಾಸಕೃತ' ಎಂದಷ್ಟೇ ನೋಡಿ ಪುಸ್ತಕ ತಂದವನು ಒಬ್ಬರ ಮಾತನ್ನು ಇನ್ನೊಬ್ಬರ ಬಾಯಿಗೆ ಹಾಕುವ ಅಪಾಯವುಂಟು.

ಇದನ್ನು ತಪ್ಪಿಸಲು ನಮ್ಮ ಹಿರಿಯರೇ ದಾರಿ ಮಾಡಿಕೊಟ್ಟಿದ್ದಾರೆ. ಗ್ರಂಥದ ಆರಂಭದ ಮಂಗಲಶ್ಲೋಕದಲ್ಲಿ ಗ್ರಂಥಕಾರರು ಸಾಮಾನ್ಯವಾಗಿ ತಮ್ಮ ಗುರುಗಳನ್ನು ವಂದಿಸುತ್ತಾರೆ. ಪ್ರಕರಣದ ಕೊನೆಯ ಪುಷ್ಪಿಕೆಯಲ್ಲಿ ತಾವು ಯಾರ ಶಿಷ್ಯರು ಅಥವಾ ಯಾರ ಮಕ್ಕಳು ಎಂದು ಹೇಳಿಕೊಳ್ಳುತ್ತಾರೆ. ಹೆಸರಿನಿಂದ ಮಾತ್ರ ಮನುಷ್ಯನನ್ನು ಗುರುತಿಸಲಾಗದು, ಅವನು ಯಾರಿಂದ ಬಂದವನು ಎಂಬುದನ್ನೂ ತಿಳಿಯಬೇಕು ಎಂಬುದೇ ಇದರ ತಾತ್ಪರ್ಯ.

ತಂದೆಯ ಹೆಸರನ್ನು ಲೋಕಕ್ಕೆ ಮುಟ್ಟಿಸಿದ ಮಗ

ಆಧುನಿಕ ಕಾಲದಲ್ಲಿ ಜಗತ್ತಿಗೆ ಅತ್ಯಂತ ಪರಿಚಿತವಾದ ಶ್ರೀನಿವಾಸ ಯಾರು ಎಂದು ಕೇಳಿದರೆ ಹಲವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಎನ್ನುತ್ತಾರೆ. ಆದರೆ ಅಲ್ಲಿ ಶ್ರೀನಿವಾಸ ಎಂಬುದು ಅವರ ಹೆಸರಲ್ಲ, ಅವರ ತಂದೆಯ ಹೆಸರು! ಕುಂಭಕೋಣದ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಶ್ರೀನಿವಾಸ ಅಯ್ಯಂಗಾರ್ಯರ ಮಗ ರಾಮಾನುಜನ್. ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟುಕೊಳ್ಳುವ ದಕ್ಷಿಣದ ಪದ್ಧತಿ ಪಶ್ಚಿಮದವರಿಗೆ ತಿಳಿಯದಿದ್ದುದರಿಂದ ತಂದೆಯ ಹೆಸರು ಮಗನ ಮೊದಲ ಹೆಸರಾಯಿತು.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿದ ರಾಮಾನುಜನ್ 1912ರಲ್ಲಿ ಮದರಾಸು ಬಂದರು ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತೆ ಕೆಲಸಕ್ಕೆ ಸೇರಿದರು. 1913ರ ಜನವರಿಯಲ್ಲಿ ಕೇಂಬ್ರಿಜ್ಜಿನ ಪ್ರೊಫೆಸರ್ ಹಾರ್ಡಿಯವರಿಗೆ ಕಾಗದ ಬರೆದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರ ಏಪ್ರಿಲ್ 26ರಂದು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಂಗಡಿಯ ಲೆಕ್ಕ ಬರೆದು ಸಂಸಾರ ಸಾಗಿಸಿದ ಆ ತಂದೆ ಲೋಕಪ್ರಸಿದ್ಧರಾಗಲು ಏನನ್ನೂ ಮಾಡಲಿಲ್ಲ. ಆದರೂ ಭೂಮಂಡಲದಲ್ಲಿ ಗಣಿತ ಕಲಿಯುವವರು ಅವರ ಹೆಸರನ್ನು ಇಂದಿಗೂ ಉಚ್ಚರಿಸುತ್ತಿದ್ದಾರೆ. ತಂದೆಯ ಹೆಸರು ಉಳಿಸುವುದು ಎಂದು ನಾವು ಹೇಳುವ ಮಾತು ಇಲ್ಲಿ ಅಕ್ಷರಶಃ ಸತ್ಯವಾಯಿತು.

ವಾಕ್ಕು, ಕಥೆ, ಸ್ಮರಣೆ

ವಲಂಗೈಮಾನ್ ಶ್ರೀನಿವಾಸ ಶಾಸ್ತ್ರಿಗಳಲ್ಲಿ (1869–1946) ನೆಲೆಸಿದ್ದ ಶ್ರೀ ವಾಕ್ಕಿನದು. ಬಡ ವೈದಿಕ ಕುಟುಂಬದಿಂದ ಬಂದು ಶಾಲಾ ಶಿಕ್ಷಕರಾಗಿದ್ದವರು. ಪುಣೆಯಲ್ಲಿ ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿ, 1915ರಲ್ಲಿ ಗೋಖಲೆಯವರು ನಿಧನರಾದ ಮೇಲೆ ಅದರ ಅಧ್ಯಕ್ಷರಾದರು. ಅವರ ಇಂಗ್ಲಿಷ್ ಭಾಷಣಕ್ಕೆ ಇಂಗ್ಲಿಷರೇ ತಲೆದೂಗಿದರು. ಆ ಮಾತನ್ನು ಅವರು 1927ರಿಂದ 1929ರವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಅಲ್ಲಿನ ವಲಸೆ ಭಾರತೀಯರಿಗಾಗಿ ಸವೆಸಿದರು. ಆ ಜನರ ಮಕ್ಕಳಿಗಾಗಿ ಡರ್ಬನ್ನಿನಲ್ಲಿ ಸ್ಥಾಪನೆಯಾದ ಶಾಸ್ತ್ರಿ ಕಾಲೇಜು ಅವರ ಹೆಸರನ್ನು ಧರಿಸಿತು. ಜೀವನದ ಕೊನೆಯ ಭಾಗದಲ್ಲಿ, 1944ರಲ್ಲಿ, ಮದರಾಸಿನಲ್ಲಿ ಅವರು ನೀಡಿದ ರಾಮಾಯಣ ಉಪನ್ಯಾಸಮಾಲೆ ಗ್ರಂಥರೂಪದಲ್ಲಿದೆ. ಅದೇ ಕಾಲದ ಮದರಾಸಿನಲ್ಲಿ 1926ರ ಗುವಾಹಟಿ ಕಾಂಗ್ರೆಸ್ಸಿನ ಅಧ್ಯಕ್ಷರಾದ ಎಸ್. ಶ್ರೀನಿವಾಸ ಅಯ್ಯಂಗಾರ್ಯರೂ ಇದ್ದರು. ಶಾಸ್ತ್ರಿಗಳು ಮಿತವಾದಿಗಳ ಸಾಲಿನವರು, ಅಯ್ಯಂಗಾರ್ಯರು ಕಾಂಗ್ರೆಸ್ಸಿನ ಸಾಲಿನವರು. ಒಂದೇ ಹೆಸರು ಒಂದೇ ಮತವನ್ನು ಕೊಡುವುದಿಲ್ಲ.

ಕನ್ನಡಿಗರಿಗೆ ಶ್ರೀನಿವಾಸ ಎಂದೊಡನೆ ನೆನಪಾಗಬೇಕಾದವರು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು (1891–1986). ಇದು ಅವರ ಕಾವ್ಯನಾಮ. ವೆಂಕಟೇಶನೂ ಶ್ರೀನಿವಾಸನೂ ಒಬ್ಬನೇ ಆದುದರಿಂದ ಅವರು ತಮ್ಮ ಹೆಸರನ್ನು ಮರೆಮಾಡಲೂ ಇಲ್ಲ, ಮುಂದೆ ಮಾಡಲೂ ಇಲ್ಲ ಎನ್ನಬಹುದು. ಮನೆಮಾತು ತಮಿಳಾದರೂ ಬರೆದದ್ದು ಕನ್ನಡದಲ್ಲಿ. ಮೈಸೂರು ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದುಕೊಂಡೇ ಸಣ್ಣಕಥೆಗೆ ಕನ್ನಡದಲ್ಲಿ ಭದ್ರವಾದ ನೆಲೆ ಒದಗಿಸಿದರು. 'ಚಿಕ್ಕವೀರ ರಾಜೇಂದ್ರ' ಕಾದಂಬರಿಗಾಗಿ 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಕಚೇರಿಯ ಕೆಲಸದಿಂದ ಬಿಡುವಿಲ್ಲವೆಂದು ಹೇಳುವ ನಮ್ಮಂತಹವರು ಅವರ ದಿನಚರಿಯನ್ನು ನೆನೆದು ಸುಮ್ಮನಾಗಬೇಕು.

ಮನೆಯಿಂದ ದೂರವಿರುವ ನಮಗೆ ಇನ್ನೂ ಹತ್ತಿರದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು (1916–1999). ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿಯೂ ಆಕ್ಸ್‌ಫರ್ಡಿನಲ್ಲಿಯೂ ಕಲಿತು, ಬರೋಡ ಮತ್ತು ದೆಹಲಿ ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ ವಿಭಾಗಗಳನ್ನು ಕಟ್ಟಿದವರು. 1948ರಲ್ಲಿ ಮೈಸೂರಿನ ಸಮೀಪದ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ವಾಸಿಸಿ ಟಿಪ್ಪಣಿ ಮಾಡಿಕೊಂಡರು. ತಮ್ಮ ಬರಹಗಳಲ್ಲಿ ಆ ಹಳ್ಳಿಯನ್ನು ರಾಂಪುರವೆಂದು ಕರೆದರು. ವರ್ಷಗಳ ಶ್ರಮದಿಂದ ಸಿದ್ಧಪಡಿಸಿದ್ದ ಆ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ದುಷ್ಕರ್ಮಿಗಳು ಬೆಂಕಿಯಿಟ್ಟಾಗ ಸುಟ್ಟುಹೋದವು. ಇನ್ನೊಬ್ಬರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರು. ಸಹೋದ್ಯೋಗಿಯೊಬ್ಬರ ಪ್ರೋತ್ಸಾಹದಿಂದ ಅವರು ನೆನಪಿನ ಬಲದಿಂದಲೇ ಆ ಹಳ್ಳಿಯನ್ನು ಬರೆಯಲು ತೊಡಗಿದರು. 1976ರಲ್ಲಿ 'ದಿ ರಿಮೆಂಬರ್ಡ್ ವಿಲೇಜ್' ಪ್ರಕಟವಾಯಿತು. ಸಹಸ್ರಾರು ಮೈಲಿ ದೂರದಲ್ಲಿ, ಕಾಗದಗಳೆಲ್ಲ ಬೂದಿಯಾದ ಮೇಲೆ, ಮನಸ್ಸಿನಲ್ಲಿದ್ದ ಊರು ಮಾತ್ರ ಸುಡಲಿಲ್ಲ. ಅವರಲ್ಲಿದ್ದ ಶ್ರೀ ಸ್ಮರಣೆಯ ಶ್ರೀ. ಊರು ಬಿಟ್ಟು ಬಂದ ನಾವೆಲ್ಲರೂ ನಮ್ಮ ಪಾಲಿಗೆ ಬಂದ ಅದೇ ಸಂಪತ್ತನ್ನು ಎಷ್ಟು ಕಾಪಾಡಿಕೊಂಡಿದ್ದೇವೆ?

ಇನ್ನು ಸಂಗೀತದಲ್ಲಿ ಮೂವರನ್ನು ನೆನೆಯುವುದು ಸಾಕು. ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ (1908–2003) ಕರ್ನಾಟಕ ಸಂಗೀತದ ಪಿತಾಮಹರೆನಿಸಿದರು. ಕಾಕಿನಾಡದಲ್ಲಿ ಜನಿಸಿದ ಪಿ.ಬಿ. ಶ್ರೀನಿವಾಸರು (1930–2013) ಡಾ. ರಾಜಕುಮಾರರ ಚಿತ್ರಗಳಲ್ಲಿ ಹಾಡಿ ಕನ್ನಡಿಗರ ಮನೆಮಾತಾದರು. ಯು. ಶ್ರೀನಿವಾಸರು (1969–2014) ಮ್ಯಾಂಡೊಲಿನ್ ಎಂಬ ವಿದೇಶೀ ವಾದ್ಯದಲ್ಲಿ ಬಾಲ್ಯದಿಂದಲೇ ನಮ್ಮ ರಾಗಗಳನ್ನು ನುಡಿಸಿ, 45ನೆಯ ವಯಸ್ಸಿಗೇ ಅಗಲಿದರು. ವಿಜ್ಞಾನ ಕ್ಷೇತ್ರದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಂ.ಆರ್. ಶ್ರೀನಿವಾಸನ್ (1930–2025) 1987ರಿಂದ 1990ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದರು.

ನನ್ನ ಒಂದು ತಪ್ಪು

ಇಷ್ಟು ಹೇಳಿದ ಮೇಲೆ ನನ್ನ ಸ್ವಂತ ಅನುಭವವನ್ನು ಮುಚ್ಚಿಡುವುದು ಸರಿಯಲ್ಲ. ನಾನು ರೈಲ್ವೆ ಸೇವೆಗೆ ಸೇರಿದ ಹೊಸತು. ಅನುಮತಿಯಿಲ್ಲದೆ ಗೈರುಹಾಜರಾಗಿದ್ದ ಗ್ಯಾಂಗ್‌ಮನ್ ಒಬ್ಬನ ಸಂಬಳ ಕಡಿತದ ಕಾಗದ ನನ್ನ ಮೇಜಿಗೆ ಬಂತು. ಹೆಸರು ಶ್ರೀನಿವಾಸ ಎಂದಿತ್ತು. ಆ ಗ್ಯಾಂಗಿನಲ್ಲಿ ಅದೇ ಹೆಸರಿನವರು ಇಬ್ಬರಿದ್ದರು. ತಂದೆಯ ಹೆಸರನ್ನಾಗಲಿ ಟಿಕೆಟ್ ಸಂಖ್ಯೆಯನ್ನಾಗಲಿ ನೋಡದೆ ನಾನು ಸಹಿ ಹಾಕಿದೆ.

ಎರಡು ತಿಂಗಳ ನಂತರ ಒಬ್ಬ ಕೃಶ ಮನುಷ್ಯ ನನ್ನ ಬಾಗಿಲಲ್ಲಿ ನಿಂತ. ಒಂದು ದಿನವೂ ಕೆಲಸ ತಪ್ಪಿಸದವನ ಸಂಬಳ ಕಡಿದಿದ್ದೆವು. ಆತ ಕೂಗಾಡಲಿಲ್ಲ. "ಹೆಸರು ಒಂದೇ ಸ್ವಾಮೀ, ಹೊಟ್ಟೆ ಎರಡು" ಎಂದು ತನ್ನ ಭಾಷೆಯಲ್ಲಿ ಹೇಳಿ ಸುಮ್ಮನೆ ನಿಂತ. ತಪ್ಪನ್ನು ತಿದ್ದಿದೆವು, ಹಣವೂ ಮರಳಿತು. ಆದರೆ ಆ ಎರಡು ತಿಂಗಳು ಆತ ಕಿರಾಣಿ ಅಂಗಡಿಯ ಮುಂದೆ ಸಾಲಕ್ಕಾಗಿ ತಲೆತಗ್ಗಿಸಿ ನಿಂತದ್ದನ್ನು ಹಿಂದಕ್ಕೆ ಕೊಡುವ ಕಾಗದ ಯಾವ ಕಚೇರಿಯಲ್ಲಿಯೂ ಇಲ್ಲ. ಅಂದು ನಾನು ಹೆಸರನ್ನು ಓದಿದ್ದೆ, ಮನುಷ್ಯನನ್ನು ನೋಡಿರಲಿಲ್ಲ. ಪುಷ್ಪಿಕೆಯನ್ನು ನೋಡದೆ ಗ್ರಂಥವನ್ನು ನಿರ್ಣಯಿಸಿದಂತೆಯೇ ಆಯಿತು. ಆಮೇಲೆ ನಿವೃತ್ತಿಯವರೆಗೂ ತಂದೆಯ ಹೆಸರು ಕೇಳದೆ ಯಾವ ನೌಕರನ ಕಾಗದಕ್ಕೂ ನಾನು ಸಹಿ ಹಾಕಲಿಲ್ಲ.

ಉಪಸಂಹಾರ

ಎಂಟು ದಿನಗಳ ನಂತರ ಈ ಎಲ್ಲ ಹೆಸರುಗಳ ಪಟ್ಟಿಯನ್ನು ಆ ತರುಣರ ಕೈಗಿತ್ತು ಹೇಳಿದೆ: "ಇವರಲ್ಲಿ ಯಾರೂ ಇನ್ನೊಬ್ಬರಂತಿಲ್ಲ. ಹೊಸತನ ಹೆಸರಿನಲ್ಲಿರಬೇಕಾಗಿಲ್ಲ, ಹೊತ್ತವನ ನಡತೆಯಲ್ಲಿದ್ದರೆ ಸಾಕು. ಮಗುವಿಗೆ ಯಾವ ಹೆಸರಿಡಬೇಕೆಂಬುದು ನೀವು ದಂಪತಿಗಳು ನಿಶ್ಚಯಿಸಬೇಕಾದ ವಿಷಯ. ಬೇರೆ ಹೆಸರು ಬೇಕೆಂದರೂ ಹುಡುಕಿಕೊಡುತ್ತೇನೆ. ಆದರೆ ಮೊದಲು ನಿಮ್ಮ ತಾಯಿಯವರ ಬಳಿ ಕುಳಿತು, ಈ ಹೆಸರಿನ ನಿಮ್ಮ ತಂದೆ ಹೇಗಿದ್ದರೆಂದು ಒಮ್ಮೆ ಕೇಳಿ."

ನಾಮಕರಣದ ದಿನ ನಾನೂ ಹೋಗಿದ್ದೆ. ಮಾಸನಾಮ, ನಕ್ಷತ್ರನಾಮಗಳಾದ ಮೇಲೆ ವ್ಯಾವಹಾರಿಕ ನಾಮದ ಸರದಿ ಬಂದಾಗ ತರುಣರು ತಟ್ಟೆಯ ಅಕ್ಕಿಯ ಮೇಲೆ ಉಂಗುರದಿಂದ 'ಶ್ರೀನಿವಾಸ' ಎಂದು ಬರೆದರು. ಅಜ್ಜಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, "ಇವನನ್ನು ನಾನು ಪುಟ್ಟಾ ಅಂತಲೇ ಕರೆಯುವುದು. ಹೆಸರು ನೀವೆಲ್ಲ ಕರೆಯಿರಿ, ನಾನು ಕೇಳುತ್ತೇನೆ" ಎಂದರು. ಅವರು ಪ್ರತಿದಿನ ಸಹಸ್ರನಾಮ ಪಾರಾಯಣ ಮಾಡುವವರು. ಪತಿಯ ಹೆಸರನ್ನು ಬಾಯಿಬಿಟ್ಟು ಹೇಳದ ಆ ತಾಯಿ ಇಷ್ಟು ವರ್ಷಗಳೂ ಪ್ರತಿದಿನ ಎರಡು ಬಾರಿ ಆ ನಾಮವನ್ನು ಉಚ್ಚರಿಸುತ್ತಲೇ ಬಂದಿದ್ದಾರೆ ಎಂಬುದು ನನಗೆ ಆಗ ಹೊಳೆಯಿತು.

ಅಜಾಮಿಳನು ಕೊನೆಗಾಲದಲ್ಲಿ ಮಗನನ್ನು ನಾರಾಯಣನೆಂದು ಕೂಗಿ ಉದ್ಧಾರವಾದ ಕಥೆ ಭಾಗವತದ ಆರನೆಯ ಸ್ಕಂಧದಲ್ಲಿದೆ. ಮಕ್ಕಳಿಗೆ ದೇವರ ಹೆಸರಿಡುವ ನಮ್ಮ ಪದ್ಧತಿಯ ಹಿಂದೆ ಈ ಭಾವನೆಯಿದೆ. ಆದಕಾರಣ ಇಟ್ಟ ಹೆಸರನ್ನು ಪೂರ್ಣವಾಗಿ ಕರೆಯಿರಿ. ನಗರದ ಆತುರದಲ್ಲಿ 'ಶ್ರೀನಿ' ಎಂದು ಮೊಟಕು ಮಾಡಿದರೆ ನಿವಾಸವೇ ಅರ್ಧ ಕುಸಿಯುತ್ತದೆ.

ಮನನಕ್ಕಾಗಿ (ಮಕ್ಕಳೊಡನೆ ಕುಳಿತು ಚರ್ಚಿಸಿರಿ)

1. ಸಹಸ್ರನಾಮದಲ್ಲಿ ಶ್ರೀನಿವಾಸ ನಾಮ ಬರುವ ಎರಡು ಸ್ಥಳಗಳನ್ನು ಗುರುತಿಸಿರಿ.

2. ಶ್ರೀನಿವಾಸ ನಾಯಕರು ಮತ್ತು ಶ್ರೀನಿವಾಸಾಚಾರ್ಯರು ಬಿಟ್ಟುಕೊಟ್ಟದ್ದು ಏನು? ಪಡೆದದ್ದು ಏನು?

3. ಒಂದೇ ಹೆಸರಿನ ಇಬ್ಬರು ಗ್ರಂಥಕಾರರನ್ನು ಬೇರ್ಪಡಿಸಿ ಗುರುತಿಸುವುದು ಹೇಗೆ?

4. ನಿಮ್ಮ ಹೆಸರನ್ನು ನಿಮಗಿಂತ ಮೊದಲು ಹೊತ್ತವರು ನಿಮ್ಮ ಮನೆತನದಲ್ಲಿ ಯಾರು? ಅವರ ಜೀವನದ ಒಂದು ಸಂಗತಿಯನ್ನು ಹಿರಿಯರಿಂದ ಕೇಳಿ ಬರೆದಿಡಿರಿ.

ಶ್ರೀಕೃಷ್ಣಾರ್ಪಣಮಸ್ತು.